ಮರಳುವ ಹಾದಿಗೂ ನೆಲ ಬೇಕು

ವಿದ್ಯುತ್ ಪ್ರವಾಹ ಹೋದಲ್ಲೇ ಉಳಿಯುವುದಿಲ್ಲ. ಎಲ್ಲಿಂದ ಹೊರಟಿತೋ ಅಲ್ಲಿಗೇ ಮರಳಬೇಕು. ಮರಳಲು ದಾರಿ ಇಲ್ಲದಿದ್ದರೆ ಅದು ಹೊರಡುವುದೂ ಇಲ್ಲ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಬ್ಯಾಟರಿ, ಬಲ್ಬು, ಎರಡು ತಂತಿಗಳ ಚಿತ್ರ ಹಾಕಿ ಹೇಳಿಕೊಡುವುದು ಇಷ್ಟನ್ನೇ. ಆದರೆ ಸರ್ಕ್ಯೂಟ್ ಬೋರ್ಡಿನ ನಕ್ಷೆ ಬರೆಯಲು ಕೂತವರ ಮನಸ್ಸಿನಿಂದ ಮೊದಲು ಜಾರಿಹೋಗುವುದೂ ಇದೇ. ಕಂಪ್ಯೂಟರ್ ಪರದೆಯ ಮೇಲೆ ಒಂದು ಚಿಪ್ಪಿನ ಕಾಲಿನಿಂದ ಇನ್ನೊಂದರ ಕಾಲಿಗೆ ಗೆರೆ ಎಳೆದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಎಳೆದದ್ದು ಅರ್ಧ ದಾರಿ. ಉಳಿದರ್ಧವನ್ನು ಯಾರೂ ಬರೆಯುವುದಿಲ್ಲ, ಪ್ರವಾಹ ತಾನೇ ಹುಡುಕಿಕೊಳ್ಳುತ್ತದೆ. ನಾವು ಬರೆಯದ ಆ ಅರ್ಧದ ಮೇಲೆಯೇ ಬರೆದ ಅರ್ಧದ ಒಳ್ಳೆಯದು ಕೆಟ್ಟದ್ದು ನಿಂತಿದೆ. ಈ ಮಾತನ್ನು ಅತ್ಯಂತ ಸ್ಪಷ್ಟವಾಗಿ, ಕಣ್ಣಿಗೆ ಕಾಣುವಂತೆ ಹೇಳಿಕೊಡುವುದು ಅನಲಾಗ್ ವಿಡಿಯೊ ಸಂಕೇತ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಪಿಕ್ಚರ್ ಟ್ಯೂಬಿನ ಹಳೆಯ ಟಿವಿಗಳು ಇನ್ನೂ ಪೂರ್ತಿ ಅಟ್ಟ ಸೇರಿಲ್ಲ. ಮಾಳಿಗೆಯ ಮೇಲೆ ಡಿಶ್, ಒಳಗೆ ಡಿಡಿ ಫ್ರೀ ಡಿಶ್‌ನ ಬಾಕ್ಸು, ಬಾಕ್ಸಿನಿಂದ ಟಿವಿಗೆ ಹಳದಿ, ಕೆಂಪು, ಬಿಳಿ ಪಿನ್ನುಗಳ ಎವಿ ಕೇಬಲ್ಲು. ಪೇಟೆಯ ಅಂಗಡಿಗಳಲ್ಲಿ ಸಿಸಿಟಿವಿ ಕ್ಯಾಮೆರಾದಿಂದ ಡಿವಿಆರ್‌ಗೆ ಎಳೆದ ‘ಥ್ರೀ ಪ್ಲಸ್ ವನ್’ ಕೇಬಲ್ಲಿನೊಳಗೂ ಅನೇಕ ಕಡೆ ಹರಿಯುವುದು ಅದೇ ಕುಲದ ಸಂಕೇತ. ಕೆಂಪು, ಬಿಳಿ ಪಿನ್ನುಗಳು ಧ್ವನಿಗೆ. ಹಳದಿಯೊಂದರಲ್ಲೇ ಇಡೀ ಚಿತ್ರ: ಬೆಳಕು, ಬಣ್ಣ, ಗೆರೆ ಎಲ್ಲಿಂದ ಶುರು ಎಂಬ ಸೂಚನೆ, ಎಲ್ಲವೂ ಒಂದೇ ತಂತಿಯಲ್ಲಿ. ಅದರ ಎತ್ತರ ಬುಡದಿಂದ ತುದಿಗೆ 1 ವೋಲ್ಟ್. ಕೆಳಗಿನ 0.3 ವೋಲ್ಟ್ ಸಿಂಕ್ ಎಂಬ ಆ ಸೂಚನೆಗೆ, ಮೇಲಿನ 0.7 ವೋಲ್ಟ್ ಚಿತ್ರಕ್ಕೆ. ನಮ್ಮ ದೇಶ ಒಪ್ಪಿಕೊಂಡ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, ಒಂದೊಂದು ಗೆರೆಗೆ 64 ಮೈಕ್ರೋಸೆಕೆಂಡು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ 4.43 ಮೆಗಾಹರ್ಟ್ಸಿನ ಇನ್ನೊಂದು ಅಲೆಯೂ ಇದರ ಮೇಲೇರಿತು.

ಡಿಜಿಟಲ್ ಸಂಕೇತಕ್ಕೆ ಸೊನ್ನೆ ಯಾವುದು, ಒಂದು ಯಾವುದು ಎಂದು ಗುರುತು ಸಿಕ್ಕರೆ ಸಾಕು; ದಾರಿಯಲ್ಲಿ ಬಿದ್ದ ಸಣ್ಣ ಪೆಟ್ಟುಗಳನ್ನು ಅದು ಮನೆಗೆ ಬಂದು ಹೇಳುವುದಿಲ್ಲ. ಅನಲಾಗ್ ಸಂಕೇತ ತಾನು ಹಾದುಬಂದ ದಾರಿಯ ಕಥೆಯನ್ನೂ ಹೊತ್ತು ತರುತ್ತದೆ. 0.7 ವೋಲ್ಟಿನಲ್ಲಿ ನೂರರಲ್ಲೊಂದು ಪಾಲು, ಅಂದರೆ 7 ಮಿಲಿವೋಲ್ಟ್, ಬೇರೆ ಯಾವುದೋ ಅಲೆ ಸೇರಿಕೊಂಡರೂ ಪರದೆಯ ಮೇಲೆ ಓರೆ ಪಟ್ಟಿಗಳಾಗಿ ಕಾಣಬಹುದು. ಬೋರ್ಡು ಬರೆದವರು ತೋರಿದ ಅಲಕ್ಷ್ಯ ಯಾವುದೋ ಹಳ್ಳಿಯಲ್ಲಿ ಸಂಜೆ ಟಿವಿ ಹಚ್ಚಿ ಕೂತವರ ಮುಖದ ಎದುರು ಬೆಳಗುತ್ತದೆ. ಹೀಗಾಗಿ ಈ ಹಳೆಯ ಸಂಕೇತವನ್ನು ಪ್ರಾಮಾಣಿಕತೆಯ ಗುರು ಎಂದು ನಾನು ನಂಬಿದ್ದೇನೆ.

ಬೋರ್ಡಿನ ಮೇಲ್ಪದರದಲ್ಲಿ ಚಿಪ್ಪಿನಿಂದ ಹಳದಿ ಜ್ಯಾಕಿನವರೆಗೆ ತಾಮ್ರದ ಟ್ರ್ಯಾಕ್ ಇದೆ. ಅದರ ಕೆಳಗಿನ ಪದರದಲ್ಲಿ ಗ್ರೌಂಡ್ ಎಂದು ಹಾಸಿದ ತಾಮ್ರ. ಟ್ರ್ಯಾಕಿನಲ್ಲಿ ಹೋದ ಪ್ರವಾಹ ಈ ಹಾಸಿನಲ್ಲಿ ಮರಳುತ್ತದೆ. ಹಾಸು ಅಗಲವಾಗಿದೆ, ಅದರಲ್ಲಿ ಯಾವ ದಾರಿ ಹಿಡಿಯುತ್ತದೆ? ಸಂಕೇತದಲ್ಲಿ ನಿಧಾನವಾಗಿ ಬದಲಾಗುವ ಭಾಗ, ಅಂದರೆ ಇಡೀ ದೃಶ್ಯದ ಬೆಳಕು, ಸೆಕೆಂಡಿಗೆ 50 ಸಲ ಮರುಕಳಿಸುವ ಫೀಲ್ಡು ಎಂಬ ಅರ್ಧಚಿತ್ರ, ಕಡಿಮೆ ರೋಧದ ದಾರಿ ನೋಡಿಕೊಂಡು ಅಗಲವಾಗಿ ಹರಡಿ ಬರುತ್ತದೆ. ವೇಗವಾಗಿ ಬದಲಾಗುವ ಭಾಗ, ಅಂದರೆ ಸೀರೆಯ ಅಂಚು, ಅಕ್ಷರದ ತುದಿ, ಬಣ್ಣದ ಅಲೆ, ಹೋದ ಟ್ರ್ಯಾಕಿನ ನೇರ ಕೆಳಗೇ ಅದರ ಅಂಕುಡೊಂಕನ್ನೆಲ್ಲ ಅನುಸರಿಸಿ ಬರುತ್ತದೆ. ಹೋಗುವ ದಾರಿ, ಬರುವ ದಾರಿಗಳ ನಡುವಿನ ಜಾಗ ಕಿರಿದಾದಷ್ಟೂ ಇಂಡಕ್ಟನ್ಸ್ ಕಡಿಮೆ. ವೇಗದ ಪ್ರವಾಹಕ್ಕೆ ಮುಖ್ಯವಾದದ್ದು ಅದು. ಒಂದೇ ತಂತಿಯಲ್ಲಿ ಜೊತೆಯಾಗಿ ಹೋದವು ಮರಳುವಾಗ ತಮ್ಮ ತಮ್ಮ ಸ್ವಭಾವದ ಹಾದಿ ಹಿಡಿಯುತ್ತವೆ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಗೆರೆ ಎಳೆದಿಲ್ಲ.

ಈಗ ಆ ಹಾಸಿನಲ್ಲಿ ಒಂದು ಸೀಳು ಇದೆ ಎನ್ನೋಣ. ಬೇರೆ ಯಾವುದೋ ತಂತಿಗೆ ಜಾಗ ಸಾಲದೆ ಕೆಳಪದರವನ್ನು ಕೊರೆದು ದಾರಿ ಮಾಡಿದ್ದಾರೆ. ಅಥವಾ ಡಿಜಿಟಲ್ ಭಾಗದ ಗದ್ದಲ ವಿಡಿಯೊಗೆ ತಾಗದಿರಲಿ ಎಂದು ಗ್ರೌಂಡನ್ನೇ ಎರಡು ಹೋಳು ಮಾಡಿದ್ದಾರೆ. ಮೇಲಿನ ಟ್ರ್ಯಾಕು ಆ ಸೀಳಿನ ಮೇಲೆ ಸಲೀಸಾಗಿ ದಾಟುತ್ತದೆ. ಮೇಲಿನಿಂದ ನೋಡಿದವರಿಗೆ ಏನೂ ಆಗಿಲ್ಲ. ಕೆಳಗೆ ಮರಳಿ ಬರುತ್ತಿದ್ದ ಪ್ರವಾಹ ಸೀಳಿನ ಅಂಚಿಗೆ ಬಂದು ನಿಲ್ಲುತ್ತದೆ, ಬದಿಗೆ ಸರಿದು ಸೀಳಿನ ತುದಿಯವರೆಗೆ ಹೋಗಿ ಸುತ್ತಿಕೊಂಡು ಬರುತ್ತದೆ. ಆ ಸುತ್ತೇ ಒಂದು ಆಂಟೆನಾ. ತನ್ನದನ್ನು ಹೊರಗೆ ಚೆಲ್ಲುತ್ತದೆ, ಪಕ್ಕದ ಪವರ್ ಸಪ್ಲೈಯ ಗದ್ದಲವನ್ನು ಒಳಗೆ ಎಳೆದುಕೊಳ್ಳುತ್ತದೆ. ಕಾಪಾಡಲೆಂದು ಹಾಕಿದ ಸೀಳೇ ಕೆಡುಕಿಗೆ ಬಾಗಿಲಾಗುತ್ತದೆ. ಗ್ರೌಂಡನ್ನು ಇಡಿಯಾಗಿ ಬಿಟ್ಟು, ಗದ್ದಲದ ಭಾಗಗಳನ್ನು ಒಂದು ಮೂಲೆಗೆ, ವಿಡಿಯೊ ಭಾಗಗಳನ್ನು ಜ್ಯಾಕಿನ ಹತ್ತಿರಕ್ಕೆ ಕೂರಿಸಿದರೆ ಒಬ್ಬರ ಮರಳುವ ದಾರಿ ಇನ್ನೊಬ್ಬರ ಅಂಗಳದಲ್ಲಿ ಹಾಯುವುದೇ ಇಲ್ಲ. ಬೇರೆ ಬೇರೆ ಇರಬೇಕಾದವರನ್ನು ಬೇರೆ ಇಡಲು ನೆಲ ಕತ್ತರಿಸಬೇಕಿಲ್ಲ, ಯಾರು ಎಲ್ಲಿ ಕೂರಬೇಕು ಎಂದು ಮೊದಲೇ ಯೋಚಿಸಿದರೆ ಸಾಕು. ಗಡಿಸೀಮೆಯಲ್ಲಿ ಬಾಳುವವರಿಗೆ ಈ ಮಾತು ಬೋರ್ಡಿನಾಚೆಗೂ ಕೇಳಿಸೀತು.

ಹೋಗುವ ದಾರಿಯನ್ನಷ್ಟೇ ಬರೆಯುವ ಅಭ್ಯಾಸ ಎಲೆಕ್ಟ್ರಾನಿಕ್ಸಿನವರಿಗೆ ಮಾತ್ರ ಅಂಟಿದ್ದಲ್ಲ. ಘಟಪ್ರಭೆಯ ದಂಡೆಯ ರೈತರಿಗೆ ಅದರ ಪರಿಣಾಮ ಚೆನ್ನಾಗಿ ಗೊತ್ತು. ಗೋಕಾಕ ತಾಲೂಕಿನ ಧೂಪದಾಳದಲ್ಲಿ ಒಡ್ಡು ಮುಗಿದದ್ದು 1897ರಲ್ಲಿ. ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಸುಮಾರು 51 ಟಿಎಂಸಿ ನೀರು ಹಿಡಿಯುವ ಜಲಾಶಯ ಎದ್ದಿತು. ಕಾಲುವೆ, ಉಪಕಾಲುವೆ, ಹೊಲಗಾಲುವೆಗಳಾಗಿ ನೀರು ಹರಿಯಿತು. ಜೋಳದ ಸೀಮೆಗೆ ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳು ಬಂದವು. ಅದರ ಹಿಂದೆಯೇ ತಗ್ಗಿನ ಎರೆಹೊಲಗಳಲ್ಲಿ ಸವಳು, ಜವಳು ಬಂದವು. ನೀರನ್ನು ತರುವ ಕಾಲುವೆಗೆ ತೋರಿದ ಆಸ್ಥೆಯನ್ನು ಹೆಚ್ಚಾದ ನೀರನ್ನು ಹೊರಗೊಯ್ಯುವ ಬಸಿಗಾಲುವೆಗೆ ಯಾರೂ ತೋರಿರಲಿಲ್ಲ. ಬೆಳೆ ಕುಡಿದು ಉಳಿದ ನೀರು ಹೋಗಲು ದಾರಿಯಿಲ್ಲದೆ ಮಣ್ಣಿನೊಳಗೇ ನಿಂತಿತು, ಮಟ್ಟ ಏರಿತು, ಬಿಸಿಲಿಗೆ ಆವಿಯಾಗಿ ಉಪ್ಪನ್ನು ಹೊಲದ ಮೇಲೆ ಬಿಟ್ಟಿತು. ಇಂಥ ಹೊಲ ಬರದಿಂದ ಕೆಟ್ಟದ್ದಲ್ಲ, ನೀರು ಬಂದೇ ಕೆಟ್ಟದ್ದು. ಬಂದದ್ದು ಎಷ್ಟೇ ಒಳ್ಳೆಯದಿರಲಿ, ಕೆಲಸ ಮುಗಿಸಿ ಹೊರಡಲು ಅದಕ್ಕೆ ಹಾದಿ ಇರಬೇಕು.

ಇಲ್ಲಿ ಒಂದು ಎಚ್ಚರ ಬೇಕು. ಮರಳುವುದೆಲ್ಲ ಒಳ್ಳೆಯದೇ ಎಂದು ಹೇಳಹೊರಟರೆ ವಿಡಿಯೊ ಸಂಕೇತವೇ ನಮ್ಮನ್ನು ತಿದ್ದುತ್ತದೆ. ಅದರಲ್ಲಿ ಇನ್ನೊಂದು ಬಗೆಯ ಮರಳುವಿಕೆ ಇದೆ, ಅದು ಚಿತ್ರವನ್ನು ಕೆಡಿಸುತ್ತದೆ.

ವಿಡಿಯೊ ಕೇಬಲ್ಲಿಗೆ 75 ಓಮ್‌ನ ಒಂದು ಸಹಜ ಗುಣವಿದೆ. ಅದರ ತುದಿಯಲ್ಲಿ, ಟಿವಿಯೊಳಗೆ, 75 ಓಮ್‌ನ ರೆಸಿಸ್ಟರ್ ಇದ್ದರೆ ಬಂದ ಅಲೆ ಪೂರ್ತಿ ಅಲ್ಲಿ ಇಳಿದುಹೋಗುತ್ತದೆ. ಅದು ಇಲ್ಲದಿದ್ದರೆ, ಅಥವಾ ಅದರ ಓಮ್ ಬೇರೆಯಿದ್ದರೆ, ಅಲೆಯ ಒಂದಷ್ಟು ಭಾಗಕ್ಕೆ ಒಳಗೆ ಜಾಗ ಸಿಗದೆ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹಿಂದಿರುಗಿದ್ದು ಹೊರಟ ಕಡೆಯಲ್ಲೂ ಬಡಿದು ಮತ್ತೆ ಟಿವಿಯತ್ತ ಓಡುತ್ತದೆ, ಅಸಲು ಚಿತ್ರದ ಬಲಕ್ಕೆ ಮಸುಕಾದ ಎರಡನೇ ಚಿತ್ರವಾಗಿ ಕೂರುತ್ತದೆ. ಲೆಕ್ಕ ಸರಳ. 21 ಇಂಚಿನ ಟಿವಿಯ ಪರದೆಯ ಅಗಲ ಸುಮಾರು 40 ಸೆಂಟಿಮೀಟರ್. ಚಿತ್ರ ಬರೆಯುವ ಕಿರಣ ಅದನ್ನು ಗೆರೆಯ 64ರಲ್ಲಿ 52 ಮೈಕ್ರೋಸೆಕೆಂಡಿನಲ್ಲಿ ದಾಟುತ್ತದೆ. ಅಂದರೆ 1 ಮೈಕ್ರೋಸೆಕೆಂಡಿಗೆ ಸುಮಾರು 8 ಮಿಲಿಮೀಟರ್. ಕೇಬಲ್ಲಿನಲ್ಲಿ ಸಂಕೇತ ಬೆಳಕಿನ ವೇಗದ ಸುಮಾರು ಮೂರರಲ್ಲೆರಡು ಪಾಲು ವೇಗದಲ್ಲಿ ಓಡುತ್ತದೆ. 50 ಮೀಟರ್ ಕೇಬಲ್ಲಿನಲ್ಲಿ ಹಿಂದೆ ಹೋಗಿ ಮುಂದೆ ಬರಲು ಅರ್ಧ ಮೈಕ್ರೋಸೆಕೆಂಡು ಬೇಕು; ಪರದೆಯ ಮೇಲೆ 4 ಮಿಲಿಮೀಟರ್ ಆಚೆಗೆ ನೆರಳು. ಆಂಟೆನಾದ ಕಾಲದಲ್ಲಿ ಗುಡ್ಡಕ್ಕೆ ಬಡಿದು 300 ಮೀಟರ್ ಹೆಚ್ಚು ಸುತ್ತಿ ಬಂದ ಅಲೆ 1 ಮೈಕ್ರೋಸೆಕೆಂಡು ತಡವಾಗಿ, 8 ಮಿಲಿಮೀಟರ್ ಸರಿದು ಕಾಣಿಸುತ್ತಿತ್ತು. ಸುತ್ತ ಗುಡ್ಡಗಳಿರುವ ಗೋಕಾಕದಂಥ ಊರಿನಲ್ಲಿ ಇಂಥ ಜೋಡಿ ಮುಖಗಳಿಗೆ ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ.

ಇದನ್ನು ತಡೆಯುವ ಉಪಾಯದಲ್ಲಿ ನನಗೆ ದೊಡ್ಡ ತತ್ತ್ವವೇ ಕಾಣುತ್ತದೆ. ಬೋರ್ಡಿನ ಮೇಲಿನ ವಿಡಿಯೊ ಬಫರ್ 1 ವೋಲ್ಟ್ ಬೇಕಾದಲ್ಲಿ 2 ವೋಲ್ಟ್ ಕೊಡುತ್ತದೆ. ಅದರ ಬಾಗಿಲಲ್ಲೇ, ಜ್ಯಾಕಿಗೆ ಹತ್ತಿರವಾಗಿ, 75 ಓಮ್‌ನ ರೆಸಿಸ್ಟರ್ ಕೂರಿಸುತ್ತಾರೆ. ಟಿವಿಯೊಳಗಿನ 75 ಓಮ್ ಮತ್ತು ಇದು ಸೇರಿ ಕೊಟ್ಟದ್ದನ್ನು ಸಮ ಸಮ ಹಂಚಿಕೊಳ್ಳುತ್ತವೆ. ಮುಟ್ಟುವುದು 1 ವೋಲ್ಟ್, ಉಳಿದ 1 ವೋಲ್ಟ್ ಮನೆಯ ಬಾಗಿಲಲ್ಲೇ ಕಾವಾಗಿ ಕರಗುತ್ತದೆ. ಅರ್ಧ ಹಾಳಾಯಿತಲ್ಲ ಎಂದು ಹೊಸಬರು ಕೇಳುತ್ತಾರೆ. ಹಾಳಾಗಿಲ್ಲ. ಆಚೆ ತುದಿ ಸರಿಯಿಲ್ಲದೆ ಏನಾದರೂ ಹಿಂದಿರುಗಿ ಬಂದರೆ ಅದನ್ನು ಮತ್ತೆ ಅತ್ತ ಎಸೆಯದೆ ತನ್ನಲ್ಲೇ ಅರಗಿಸಿಕೊಳ್ಳಲು ಆ ರೆಸಿಸ್ಟರ್ ಅಲ್ಲಿದೆ. ಕೊಡುವವನು ಎರಡರಷ್ಟು ಹೊಂದಿಸಿಕೊಂಡು ಹೊರಡುತ್ತಾನೆ. ತಾನು ಕೊಟ್ಟದ್ದು ಒಪ್ಪಿಗೆಯಾಗದೆ ಬಂದರೂ ತಾಳಿಕೊಳ್ಳುವ ಸಿದ್ಧತೆಯ ಬೆಲೆ ಆ ಅರ್ಧ.

ಹೀಗೆ ಎರಡು ಬಗೆಯ ಮರಳುವಿಕೆಗಳು. ಕೆಲಸ ಮುಗಿಸಿ ಮರಳುವುದು ಒಂದು, ಸ್ವೀಕಾರ ಸಿಗದೆ ಮರಳುವುದು ಇನ್ನೊಂದು. ಮೊದಲನೆಯದಕ್ಕೆ ನೆಲವನ್ನು ಇಡಿಯಾಗಿ ಬಿಡಬೇಕು. ಎರಡನೆಯದನ್ನು ತಡೆಯಲು ಎರಡೂ ತುದಿಗಳು ದಾರಿಯ ಗುಣಕ್ಕೆ ಹೊಂದಿರಬೇಕು. ಒಂದನ್ನು ಇನ್ನೊಂದೆಂದು ತಿಳಿದರೆ ಎರಡೂ ಕೆಡುತ್ತವೆ.

ಮೂರನೆಯದೊಂದು ಇದೆ, ಅದು ಕಾಲಕ್ಕೆ ಸಂಬಂಧಿಸಿದ್ದು. ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಒಂದು ಗೆರೆ ಬರೆದ ಮೇಲೆ ಮತ್ತೆ ಎಡಕ್ಕೆ ಹೋಗಬೇಕು. ಅದಕ್ಕೆ ಸಮಯ ಬೇಕೆಂದು ಈ ಪದ್ಧತಿ ಕಟ್ಟಿದವರು 64 ಮೈಕ್ರೋಸೆಕೆಂಡಿನಲ್ಲಿ 12ನ್ನು ತೆಗೆದಿಟ್ಟರು. ಆ ಹೊತ್ತು ಪರದೆಗೆ ಬೆಳಕಿಲ್ಲ. ಹಾಗೆಯೇ ಕೆಳಗಿನಿಂದ ಮೇಲಕ್ಕೆ ಮರಳಲು 625 ಗೆರೆಗಳಲ್ಲಿ ಸುಮಾರು 50ನ್ನು ಬಿಟ್ಟುಕೊಟ್ಟರು. ಕೂಡಿಸಿ ನೋಡಿದರೆ ಒಟ್ಟು ಕಾಲದ ಕಾಲು ಭಾಗದಷ್ಟು ಚಿತ್ರಕ್ಕೆ ಸಿಗುವುದಿಲ್ಲ. ತರಂಗಗಳ ಜಾಗಕ್ಕೆ ಅಷ್ಟು ಪೈಪೋಟಿಯಿದ್ದ ಕಾಲದಲ್ಲೂ ಅವರು ಮರಳುವಿಕೆಗೆ ಇಷ್ಟು ದೊಡ್ಡ ಪಾಲು ಇಟ್ಟರು.

ಬಿಟ್ಟ ಆ ಕಾಲ ಖಾಲಿಯೂ ಉಳಿಯಲಿಲ್ಲ. 4.7 ಮೈಕ್ರೋಸೆಕೆಂಡು ಸಿಂಕ್: ಹೊಸ ಗೆರೆ ಶುರುವಾಗುತ್ತಿದೆ ಎಂಬ ಸೂಚನೆ. ಆಮೇಲೆ ಬಣ್ಣದ ಅಲೆಯ ಸುಮಾರು 10 ಸುತ್ತು: ಈ ಗೆರೆಯ ಬಣ್ಣಗಳನ್ನು ಇದಕ್ಕೆ ಹೋಲಿಸಿ ಓದಿ ಎಂಬ ಆಧಾರ. ಜೊತೆಗೆ ಕಪ್ಪು ಎಂದರೆ ಎಷ್ಟು ವೋಲ್ಟ್ ಎಂಬ ಮಟ್ಟ. ಬೋರ್ಡಿನಲ್ಲಿ ಸಂಕೇತ ಕೆಪಾಸಿಟರ್ ದಾಟಿ ಬರುವಾಗ ತನ್ನ ಮಟ್ಟವನ್ನು ಕಳೆದುಕೊಳ್ಳುತ್ತದೆ. ಬೆಳಗಿನ ದೃಶ್ಯವೋ ಇರುಳಿನದೋ ಎಂಬುದೇ ಕಲಸಿಹೋಗುತ್ತದೆ. ಟಿವಿಯೊಳಗಿನ ಕ್ಲ್ಯಾಂಪ್ ಗೆರೆಗೆರೆಗೂ ಆ ಕಪ್ಪನ್ನು ಹಿಡಿದು ಮತ್ತೆ ನೆಲೆಗೆ ತರುತ್ತದೆ, ಸೆಕೆಂಡಿಗೆ 15,625 ಸಲ. ಕಾಸು ಉಳಿಸಲು 470 ಮೈಕ್ರೋಫ್ಯಾರಡ್ ಇರಬೇಕಾದಲ್ಲಿ ಚಿಕ್ಕ ಕೆಪಾಸಿಟರ್ ಹಾಕಿದರೆ ಪರದೆಯ ಮೇಲಿನಿಂದ ಕೆಳಕ್ಕೆ ಬೆಳಕಿನ ಮಟ್ಟ ವಾಲುತ್ತದೆ. ಅಲ್ಲೂ ಕೆಡುವುದು ಆಧಾರ. ಪ್ರತಿ ಹೊಸ ಮಾತಿಗೂ ಮುನ್ನ ತನ್ನ ಕಪ್ಪು ಯಾವುದೆಂದು ಹೇಳಿಯೇ ಮುಂದುವರಿಯುವ ಈ ಶಿಸ್ತು ಮನುಷ್ಯರ ಮಾತುಕತೆಯಲ್ಲಿ ಇನ್ನಷ್ಟು ಬೇಕಿತ್ತು. ಕಿರಣವೇ ಇಲ್ಲದ ಇಂದಿನ ತೆಳು ಪರದೆಗಳಿಗೆ ಸಂಕೇತ ಒಯ್ಯುವ ಎಚ್‌ಡಿಎಂಐಯಲ್ಲೂ ಈ ಬಿಡುವಿನ ಕಾಲವನ್ನು ಉಳಿಸಿಕೊಂಡಿದ್ದಾರೆ. ಧ್ವನಿ ಅದರಲ್ಲೇ ಸಾಗುತ್ತದೆ.

ಬೋರ್ಡಿನಿಂದ ಕಣ್ಣೆತ್ತಿ ನೋಡಿದರೆ ಇದೇ ಪ್ರಶ್ನೆ ದೊಡ್ಡದಾಗಿ ನಿಂತಿದೆ. ಟಿವಿ ಚಿತ್ರ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಮೊದಲು ಬಂದದ್ದು ಆಕಾಶದಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಇಸ್ರೊ ನಡೆಸಿದ ಸೈಟ್ ಎಂಬ ಟಿವಿ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ಕರ್ನಾಟಕದಿಂದ ಆಯ್ದದ್ದು ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳನ್ನು. ಅಂದಿನ ವಿಜಾಪುರ ಜಿಲ್ಲೆ ಮುಧೋಳ, ಜಮಖಂಡಿಗಳನ್ನೂ ಒಳಗೊಂಡು ಗೋಕಾಕ ಸೀಮೆಯ ನೆರೆಗೇ ಬಂದಿತ್ತು. ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ ಮಾಡಿದ 3 ಮೀಟರ್ ಅಡ್ಡಳತೆಯ ಡಿಶ್, 860 ಮೆಗಾಹರ್ಟ್ಸಿನ ಸಂಕೇತವನ್ನು ಹಿಡಿದು ಚಿತ್ರವಾಗಿಸುವ ಉಪಕರಣ, ಹೈದರಾಬಾದಿನ ಇಸಿಐಎಲ್ ಕಟ್ಟಿದ ಸೆಟ್ಟು. ನಮ್ಮ ಎಂಜಿನಿಯರುಗಳು ಧೂಳು, ಬಿಸಿಲು, ಏರಿಳಿಯುವ ಕರೆಂಟು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಬೋರ್ಡು ಬರೆದ ದೊಡ್ಡ ಅಧ್ಯಾಯ ಅದು.

ಆ ಉಪಗ್ರಹದಿಂದ ಚಿತ್ರ ಇಳಿಯಬಹುದಿತ್ತು, ಹಳ್ಳಿಯಿಂದ ಏನೂ ಏರುವಂತಿರಲಿಲ್ಲ. ಯೋಜನೆಯನ್ನು ರೂಪಿಸಿದವರು ಇದನ್ನು ಅರಿತಿದ್ದರು. ನೋಡಿದವರು ಏನೆಂದರು, ಏನು ಅರ್ಥವಾಯಿತು, ಏನು ಬೇಡವಾಯಿತು ಎಂದು ತಿಳಿಯಲು ಸಮಾಜಶಾಸ್ತ್ರದ ತಂಡಗಳನ್ನು ಕಟ್ಟಿದರು. ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲೇ ನೆಲೆಸಿ ಬರೆದುಕೊಂಡರು. ತಂತಿಯಲ್ಲಿ ಇಲ್ಲದ ಮರಳುವ ದಾರಿಯನ್ನು ಅವರು ಮನುಷ್ಯರ ಮೂಲಕ ಕಟ್ಟಿದರು. ಆಮೇಲಿನ ದಶಕಗಳಲ್ಲಿ ಚಾನೆಲ್ಲುಗಳು ಹೆಚ್ಚಿದವು, ಚಿತ್ರ ಚೊಕ್ಕವಾಯಿತು, ಆದರೆ ಹಳ್ಳಿಯ ಮಾತು ಹಿಂದೆ ಹೋಗುವ ಆ ದಾರಿ ಅಗಲವಾಗಲಿಲ್ಲ. ಮೂಡಲಗಿ ಸೀಮೆಯ ಕುಲಗೋಡದ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಬೆಳೆಸಿದ, ಕೌಜಲಗಿಯ ನಿಂಗಮ್ಮ ಅದನ್ನು ಆಡಿ ಹೆಸರಾದ ನಾಡು ಇದು. ಬಯಲಾಟದಲ್ಲಿ ಆಡುವವರಿಗೂ ನೋಡುವವರಿಗೂ ನಡುವೆ ದೂರವಿರಲಿಲ್ಲ. ಮಂದಿ ಒಪ್ಪಿದ್ದು, ಒಪ್ಪದ್ದು ಅದೇ ರಾತ್ರಿ ರಂಗಕ್ಕೆ ಮುಟ್ಟುತ್ತಿತ್ತು. ಅಂಥ ನಾಡಿಗೆ ಒಮ್ಮುಖದ ಚಿತ್ರ ಬಂದಾಗ ಕಳೆದುದೇನು ಎಂಬುದನ್ನು ನಾವು ಇನ್ನೂ ಪೂರ್ತಿ ಲೆಕ್ಕ ಹಾಕಿಲ್ಲ.

ಸೈಟ್‌ಗಾಗಿ ಭಾರತ ಅಮೆರಿಕದೊಂದಿಗೆ ಒಪ್ಪಂದ ಮಾಡಿಕೊಂಡದ್ದು 1969ರಲ್ಲಿ. ಅದೇ ವರ್ಷ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಕರ್ನಾಟಕದಲ್ಲಿ ಮನೆ ಮನೆಗೆ ವಿದ್ಯುತ್ ಹಂಚುವ ಏಕೈಕ ಸಹಕಾರ ಸಂಘ ಅದು. ವಿದ್ಯುತ್ತನ್ನು ಸಗಟಾಗಿ ಕೊಂಡು ತಾಲೂಕಿನ ಹಳ್ಳಿಗಳಿಗೆ ತಾನೇ ಮುಟ್ಟಿಸುತ್ತದೆ. ಅದರ ಕಟ್ಟಡ, ಕಂಬ, ತಂತಿಗಳಿಗಿಂತ ನನ್ನನ್ನು ಸೆಳೆಯುವುದು ಅದರ ಹಿಂದಿನ ವಿಚಾರ. ಅಲ್ಲಿ ಕರೆಂಟು ಪಡೆಯುವವನು ಗಿರಾಕಿ ಮಾತ್ರವಲ್ಲ, ಸದಸ್ಯನೂ ಆಗಬಲ್ಲ. ಅವನ ಮನೆಗೆ ಕರೆಂಟು ಬರುತ್ತದೆ, ಅವನಿಂದ ಹಣದ ಜೊತೆಗೆ ಮತವೂ ಮರಳುತ್ತದೆ. ಸಂಘದ ಆಡಳಿತ ಕಾಲಕಾಲಕ್ಕೆ ಹೇಗೇ ನಡೆದಿರಲಿ, ಮರಳುವ ದಾರಿಯನ್ನು ಮೊದಲೇ ನಕ್ಷೆಯಲ್ಲಿ ಹಾಕಿದ ಸಂಸ್ಥೆ ಅದು. ಆ ದಾರಿಯನ್ನು ಸವೆಯದಂತೆ ನೋಡಿಕೊಳ್ಳುವ ಹೊಣೆ ಸದಸ್ಯರದು.

ಹುಕ್ಕೇರಿ ತಾಲೂಕಿನದೇ ನಿಡಸೋಸಿಯಲ್ಲಿ 1996ರಿಂದ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯವಿದೆ. ಬೋರ್ಡು ಬರೆಯುವ ತಂತ್ರಾಂಶಕ್ಕೆ ಈಗ ದುಡ್ಡು ಕೊಡಬೇಕಿಲ್ಲ. ಕೀಕ್ಯಾಡ್ ಯಾರಿಗೂ ಉಚಿತ. ಈ ಸೀಮೆಯ ಮಕ್ಕಳು ತಮ್ಮ ಮೊದಲ ಬೋರ್ಡಿಗೆ ಅನಲಾಗ್ ವಿಡಿಯೊವನ್ನೇ ಆರಿಸಿಕೊಂಡರೆ ಒಳ್ಳೆಯದು ಎಂಬುದು ನನ್ನ ಆಸೆ. 1.6 ಮಿಲಿಮೀಟರ್ ದಪ್ಪದ ಎರಡು ಪದರದ ಸಾಮಾನ್ಯ ಬೋರ್ಡಿನಲ್ಲಿ ಸುಮಾರು 1.4 ಮಿಲಿಮೀಟರ್ ಅಗಲದ ಟ್ರ್ಯಾಕು 75 ಓಮ್‌ಗೆ ಹತ್ತಿರ ಬರುತ್ತದೆ. ಬೋರ್ಡಿನ ಮೇಲೆ ನಾಲ್ಕೈದು ಸೆಂಟಿಮೀಟರ್ ದಾರಿಗೆ ಅದು ಅಷ್ಟು ಕಟ್ಟುನಿಟ್ಟೂ ಅಲ್ಲ, ಏಕೆಂದರೆ 5 ಮೆಗಾಹರ್ಟ್ಸಿನ ಅಲೆಯ ಉದ್ದ ಅಲ್ಲಿ 30 ಮೀಟರಿಗೂ ಮಿಕ್ಕಿರುತ್ತದೆ. ಕಟ್ಟುನಿಟ್ಟಾಗಬೇಕಾದದ್ದು ಗ್ರೌಂಡಿನ ವಿಷಯದಲ್ಲಿ. ನಕ್ಷೆ ಮುಗಿಯಿತು ಅನ್ನಿಸಿದಾಗ ಮೇಲ್ಪದರವನ್ನು ಮರೆಮಾಡಿ ಕೆಳಪದರವನ್ನಷ್ಟೇ ನೋಡಬೇಕು. ಪ್ರತಿಯೊಂದು ಸಂಕೇತವೂ ಜ್ಯಾಕಿನಿಂದ ಹೊರಟು ತನ್ನ ಚಿಪ್ಪಿಗೆ ತಡೆಯಿಲ್ಲದೆ ಮರಳಬಲ್ಲದೇ ಎಂದು ಬೆರಳಿಟ್ಟು ನಡೆಯಬೇಕು. ಎಲ್ಲಿ ಬೆರಳು ಸುತ್ತು ಹಾಕುತ್ತದೋ ಅಲ್ಲಿ ಮತ್ತೆ ಬರೆಯಬೇಕು.

ಕಲಿತದ್ದು ಬೋರ್ಡಿಗಷ್ಟೇ ಮುಗಿಯಬೇಕಾಗಿಲ್ಲ. ನಾಳೆ ಅವರು ಕಾಲುವೆ ಬರೆದಾರು, ಶಾಲೆ ನಡೆಸಿಯಾರು, ಊರಿಗೊಂದು ಯೋಜನೆ ತಂದಾರು. ಏನನ್ನು ಎಷ್ಟು ಕೊಡುತ್ತೇವೆ ಎಂಬ ಲೆಕ್ಕ ಎಲ್ಲರ ಕೈಯಲ್ಲೂ ಇರುತ್ತದೆ. ಕೊಟ್ಟದ್ದು ಕೆಲಸ ಮುಗಿಸಿ ಯಾವ ದಾರಿಯಿಂದ ಮರಳುತ್ತದೆ, ಒಪ್ಪಿಗೆಯಾಗದೆ ಬಂದದ್ದನ್ನು ತಾಳಿಕೊಳ್ಳಲು ನಾವೆಷ್ಟು ಸಿದ್ಧ, ಮರಳುವುದಕ್ಕೆ ಎಷ್ಟು ಸಮಯ ತೆಗೆದಿಟ್ಟಿದ್ದೇವೆ, ಈ ಮೂರನ್ನು ಮೊದಲ ಗೆರೆಗೂ ಮುಂಚೆ ಕೇಳಿಕೊಂಡವರು ಬರೆದ ನಕ್ಷೆ ಬಹಳ ಕಾಲ ಬಾಳುತ್ತದೆ.